ಮುಳ್ಳಿನ ನಾಡಿನ ಮೆಟ್ಟು, ಓಟದ ಬೂಟು

ಆಂಧ್ರ ಗಡಿಯ ಭೈರವಾನಿತಿಪ್ಪದ ಸುತ್ತಲ ಹೊಲಗಳಲ್ಲಿ ನೆಲ ನೋಡಿ ಹೆಜ್ಜೆ ಇಡುವುದನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ವೇದಾವತಿ ಹರಿಯುವ ಈ ಸೀಮೆಯಲ್ಲಿ ನೀರಿಗೆ ಬರ, ಮುಳ್ಳಿಗೆ ಬರವಿಲ್ಲ. ಕರಿಜಾಲಿ, ಬಿಳಿಜಾಲಿ, ಕಾರೆ, ಬಾರೆ, ಕಳ್ಳಿ ಒಂದು ಕಡೆಗಾದರೆ, ನೆಲಕ್ಕಂಟಿ ಹಬ್ಬುವ ನೆಗ್ಗಿಲು ಇನ್ನೊಂದು ಕಡೆ. ಇವು ಸಾಲವೆಂಬಂತೆ ಬಳ್ಳಾರಿ ಜಾಲಿಯೂ ಬಂದು ಸೇರಿತು. ಮದ್ರಾಸ್ ಸರ್ಕಾರದ ಅರಣ್ಯಾಧಿಕಾರಿಗಳು 1877ರಲ್ಲಿ ಜಮೈಕಾದಿಂದ ಬೀಜ ತರಿಸಿ ಪಕ್ಕದ ಕಡಪ ಸೀಮೆಯಲ್ಲಿ ಬಿತ್ತಿದ ಗಿಡ ಅದು. ಸೌದೆಗೆಂದು ಬಂದದ್ದು ಕೆರೆಯಂಗಳ, ಗೋಮಾಳ, ಹಳ್ಳದ ದಂಡೆ ಯಾವುದನ್ನೂ ಬಿಡಲಿಲ್ಲ. ಸೈಕಲ್ ಟೈರಿನೊಳಕ್ಕೆ ಸಲೀಸಾಗಿ ಇಳಿಯುವ ಅದರ ಮುಳ್ಳಿಗೆ ಬರಿಗಾಲು ಯಾವ ಲೆಕ್ಕ?

ಹಾಗಾಗಿ ಇಲ್ಲಿ ಪಾದರಕ್ಷೆಯ ಚರಿತ್ರೆ ಎಂದರೆ ಮೊದಲಿಗೆ ಮುಳ್ಳಿನ ಚರಿತ್ರೆ. ಇಂದು ರಾಯದುರ್ಗದ ಅಂಗಡಿಗಳಲ್ಲಿ ನೇತಾಡುವ ಬಣ್ಣಬಣ್ಣದ ಓಟದ ಬೂಟುಗಳನ್ನು ಆ ಹಳೆಯ ಮೆಟ್ಟಿನ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಾಲಿಗೆ ತೊಟ್ಟ ಪ್ರತಿಯೊಂದು ವಸ್ತುವೂ ಕಾಲು ಮಾಡುತ್ತಿದ್ದ ಯಾವುದೋ ಒಂದು ಕೆಲಸವನ್ನು ತಾನು ವಹಿಸಿಕೊಳ್ಳುತ್ತದೆ. ಮೆಟ್ಟು ವಹಿಸಿಕೊಂಡದ್ದು ಅಂಗಾಲಿನ ಚರ್ಮದ ಕೆಲಸವನ್ನು ಮಾತ್ರ. ಓಟದ ಬೂಟು ಸ್ನಾಯು, ಕೀಲು, ಕಮಾನು, ಬೆರಳು ಎಲ್ಲದರ ಕೆಲಸಕ್ಕೂ ಕೈ ಹಾಕಿತು.

ಈ ಸೀಮೆಯ ಗುರುತು ಓದುಗರಿಗೆ ಸ್ವಲ್ಪ ಬೇಕು. ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರುಗಳ ಜೊತೆ ಅದೂ ಆಂಧ್ರಕ್ಕೆ ಸೇರಿ, ಮುಂದೆ ಅನಂತಪುರ ಜಿಲ್ಲೆಯ ಭಾಗವಾಯಿತು. ಮಡಕಶಿರಾ ಮೊದಲಿಂದಲೂ ಅನಂತಪುರದ ತೆಕ್ಕೆಯಲ್ಲಿದ್ದು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಅದೇ ಮಡಕಶಿರಾ ಸೀಮೆಯ ಹೇಮಾವತಿ ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿನ ಕನ್ನಡ ಶಾಸನಗಳು ರಾಜ್ಯದ ಗೆರೆಗಳನ್ನು ಎಳೆಯುವುದಕ್ಕೆ ಸಾವಿರ ವರ್ಷ ಮೊದಲಿನವು. ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ತುಂಬಿ ಕೋಡಿ ಬಿದ್ದರೆ ಕೆಳಗಿನ ಭೈರವಾನಿತಿಪ್ಪಕ್ಕೆ ನೀರು. 1933ರ ನಂತರ ಆ ಕೋಡಿ ಮತ್ತೆ ಹರಿದದ್ದು 2022ರಲ್ಲಿ. ಸ್ವಾತಂತ್ರ್ಯಾನಂತರ ಅಲ್ಲಿ ವೇದಾವತಿಗೆ ಅಡ್ಡಲಾಗಿ ಅಣೆಕಟ್ಟು ಎದ್ದರೂ ಸುತ್ತಲ ಬದುಕು ಕುರಿ, ಶೇಂಗಾ, ನಡಿಗೆಗಳ ಬದುಕಾಗಿಯೇ ಉಳಿಯಿತು. ಮಡಕಶಿರಾ ದಾಟಿದರೆ ಲೇಪಾಕ್ಷಿ. ಅಲ್ಲಿ ಬಂಡೆಯ ಮೇಲಿರುವ ದೊಡ್ಡ ಹೆಜ್ಜೆಗುರುತನ್ನು ಸೀತೆಯ ಪಾದ ಎಂದು ತೋರಿಸುತ್ತಾರೆ. ಐದೂ ಬೆರಳು ಬಿಡಿಬಿಡಿಯಾಗಿ ಹರಡಿಕೊಂಡ ಬರಿಗಾಲು ಅದು, ಬೂಟು ಕಂಡ ಪಾದವಲ್ಲ.

ಮೆಟ್ಟು, ಕೆರ, ಎಕ್ಕಡ, ಜೋಡು. ಊರಿಗೊಂದು ಹೆಸರು, ಮಾಟ ಹೆಚ್ಚು ಕಡಿಮೆ ಒಂದೇ. ಎಮ್ಮೆ ಅಥವಾ ಎತ್ತಿನ ತೊಗಲಿನ ಎರಡು ಮೂರು ಪದರದ ಅಟ್ಟೆ, ಪಾದದ ಮೇಲೆ ಅಡ್ಡ ಹಾಯುವ ಬಾರು, ಹೆಬ್ಬೆರಳು ತೂರಿಸಲು ಉಂಗುಟ. ಕುರಿಯ ಹಿಂದೆ ತಿಂಗಳುಗಟ್ಟಲೆ ಅಲೆಯುವ ಕುರುಬರ ಮೆಟ್ಟಿಗೆ ಅಟ್ಟೆ ಇನ್ನೂ ದಪ್ಪ, ನಡೆದರೆ ಕಿರ್‍ರೆನ್ನುವ ಸದ್ದು. ತೊಗಲು ಹದ ಮಾಡಲು ತಂಗಡಿ ತೊಗಟೆ, ಸುಣ್ಣ, ಅಳಲೆಕಾಯಿ. ಕತ್ತರಿಸಲು ರಂಪಿಗೆ, ತೂತಿಗೆ ಉಳಿ, ಹೊಲಿಯಲು ತೊಗಲಿನದೇ ದಾರ. ಗಿರಾಕಿಯ ಕಾಲನ್ನು ತೊಗಲಿನ ಮೇಲೆ ಇರಿಸಿ ಸುತ್ತ ಗೆರೆ ಎಳೆದರೆ ಮುಗಿಯಿತು, ಅದೇ ಅಳತೆ. ನಂಬರೆಂಬುದು ಇರಲಿಲ್ಲ. ಎಡಗಾಲು ಬಲಗಾಲಿಗಿಂತ ಒಂದು ನೂಲು ಉದ್ದವಿದ್ದರೆ ಮೆಟ್ಟೂ ಹಾಗೆಯೇ ಇರುತ್ತಿತ್ತು.

ಇಂದಿನ ಭಾಷೆಯಲ್ಲಿ ಹೇಳುವುದಾದರೆ ಮೆಟ್ಟಿನಲ್ಲಿ ಹಿಮ್ಮಡಿಗೂ ಬೆರಳಿನ ಬುಡಕ್ಕೂ ಎತ್ತರದ ವ್ಯತ್ಯಾಸವಿಲ್ಲ. ಮೆತ್ತೆ ಇಲ್ಲ. ಕಮಾನಿಗೆ ಊರುಗೋಲಿಲ್ಲ. ಬೆರಳುಗಳನ್ನು ಒತ್ತುವ ಗೋಡೆಯೂ ಇಲ್ಲ. ಆದರೆ ಉಂಗುಟ ಜಾರದಂತೆ ಹೆಬ್ಬೆರಳು ಪ್ರತಿ ಹೆಜ್ಜೆಗೂ ಸ್ವಲ್ಪ ಹಿಡಿತ ಕೊಡಬೇಕು. ಪಾದದೊಳಗಿನ ಸಣ್ಣ ಸ್ನಾಯುಗಳಿಗೆ ದಿನವಿಡೀ ದುಡಿಮೆ. ನಡಿಗೆಗೆ ಇದು ಒಪ್ಪುತ್ತದೆ, ಓಟಕ್ಕೆ ಒಪ್ಪದು. ಕಾಲಿಗೆ ಕಟ್ಟಿದ ತೂಕ ನೂರು ಗ್ರಾಂ ಹೆಚ್ಚಿದರೆ ಓಟಕ್ಕೆ ತಗಲುವ ಶಕ್ತಿ ಶೇ 1ರಷ್ಟು ಏರುತ್ತದೆ ಎಂಬುದು ಪ್ರಯೋಗಶಾಲೆಗಳು 1980ರ ದಶಕದಿಂದ ಮತ್ತೆ ಮತ್ತೆ ಕಂಡ ಲೆಕ್ಕ. ಭಾರವಾದ ಮೆಟ್ಟು ತೊಟ್ಟವನು ಓಡಬೇಕಾಗಿ ಬಂದರೆ ಅದನ್ನು ಕಳಚಿ ಕೈಗೆ ತೆಗೆದುಕೊಳ್ಳುವುದಕ್ಕೆ ಯಾವ ಪ್ರಯೋಗಶಾಲೆಯೂ ಬೇಕಾಗಿರಲಿಲ್ಲ.

ಕೈಗೆ ತೆಗೆದುಕೊಳ್ಳಲು ಬೇರೆ ಕಾರಣಗಳೂ ಇದ್ದವು, ಅವು ಅಷ್ಟು ಹಗುರವಾದವಲ್ಲ. ಮೆಟ್ಟು ಹೊಲಿಯುತ್ತಿದ್ದವರು ಮಾದಿಗರು, ಸಮಗಾರರು. ಆಯಗಾರಿಕೆಯ ಲೆಕ್ಕದಲ್ಲಿ ರೈತನಿಗೆ ಮಿಣಿ, ಬಾರುಕೋಲು, ಕಪಿಲೆಯ ತೊಗಲ ಚೀಲ, ವರ್ಷಕ್ಕೊಂದು ಜೊತೆ ಮೆಟ್ಟು ಕೊಟ್ಟು ಸುಗ್ಗಿಯಲ್ಲಿ ಕಣದ ಬದಿಗೆ ನಿಂತು ಕಾಳು ಪಡೆಯುತ್ತಿದ್ದರು. ಹೊಲಿದವರೇ ಅದನ್ನು ಮೆಟ್ಟಿ ಊರೊಳಗೆ ನಡೆಯುವಂತಿರಲಿಲ್ಲ. ಗೌಡನ ಮನೆ, ಗುಡಿ, ಚಾವಡಿಯ ಮುಂದೆ ಹಾಯುವಾಗ ಕಳಚಿ ಹಿಡಿಯಬೇಕೆಂಬ ಕಟ್ಟಳೆ ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಸ್ವಾತಂತ್ರ್ಯ ಬಂದ ಮೇಲೂ ನಡೆಯಿತು. ಬರಿಗಾಲಿನ ಗುಣಗಾನ ಮಾಡುವ ಇಂದಿನ ನಗರದ ಓಟಗಾರರು ಇದನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು. ಬರಿಗಾಲು ಎಲ್ಲರ ಆಯ್ಕೆಯಾಗಿರಲಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬ ಕಥೆ ಶರಣ ಪರಂಪರೆಯಲ್ಲಿ ಉಳಿದಿದೆ. ಬಸವಣ್ಣ ಅದನ್ನು ಕಾಲಿಗೆ ಹಾಕದೆ ತಲೆಗೆ ಮುಟ್ಟಿಸಿಕೊಂಡ ಎನ್ನುತ್ತದೆ ಕಥೆ. ಮಠದ ಸ್ವಾಮಿಗಳ ಕಾಲಿಗೆ ಮರದ ಹಾವಿಗೆ, ಉಳ್ಳವರಿಗೆ ಮೆಟ್ಟು, ಹೊಲಿದವರಿಗೆ ಬರಿಗಾಲು ಎಂಬ ಮೆಟ್ಟಿಲುಗಳಿದ್ದ ಸಮಾಜದಲ್ಲಿ ಕಥೆಯ ಆ ತಿರುವು ಸುಮ್ಮನೆ ಹುಟ್ಟಿದ್ದಲ್ಲ. ತಿರುಮಲೆಯ ಬುಡದ ಅಲಿಪಿರಿ ಪಾದಾಲ ಮಂಟಪದಲ್ಲಿ ಭಕ್ತರು ಇಂದಿಗೂ ಲೋಹದ ಪಾದರಕ್ಷೆಗಳನ್ನು ತಲೆಯ ಮೇಲೆ ಹೊತ್ತು ಸುತ್ತು ಹಾಕುತ್ತಾರೆ. ಇತ್ತ ಮೊಳಕಾಲ್ಮೂರು, ಚಳ್ಳಕೆರೆ, ರಾಯದುರ್ಗದ ಕಡೆಯ ಮ್ಯಾಸನಾಯಕರಲ್ಲಿ ದೇವರ ಎತ್ತುಗಳ ರೊಪ್ಪಕ್ಕೆ ಮೆಟ್ಟು ಹಾಕಿ ಕಾಲಿಡುವಂತಿಲ್ಲ. ಮುಳ್ಳು ತುಂಬಿದ ಅಡವಿಯ ನಡುವೆ ಆ ಒಂದು ತುಂಡು ನೆಲಕ್ಕೆ ಮಾತ್ರ ಎಲ್ಲರೂ ಬರಿಗಾಲು.

ಬರಿಗಾಲಿನ ಬೆಲೆ ಎಷ್ಟೆಂಬುದನ್ನು ವೈದ್ಯರು ದಾಖಲಿಸಿದ್ದಾರೆ. ಮಧುರೈಯಲ್ಲಿ 1842ರಲ್ಲಿ ಜಾನ್ ಗಿಲ್ ಎಂಬ ವೈದ್ಯ ಒಂದು ವಿಚಿತ್ರ ಕಾಲುರೋಗವನ್ನು ವರ್ಣಿಸಿದ. ಪಾದ ಗಂಟುಗಂಟಾಗಿ ಊದಿ, ಅಲ್ಲಲ್ಲಿ ತೂತು ಬಿದ್ದು, ಕೀವಿನ ಜೊತೆ ಕಪ್ಪೋ ಬಿಳಿಯೋ ಆದ ಕಾಳು ಹೊರಬೀಳುವ ರೋಗ. ‘ಮದುರಾ ಪಾದ’ ಎಂದೇ ಹೆಸರಾಯಿತು. ಮುಂಬಯಿಯ ಹೆನ್ರಿ ವ್ಯಾಂಡೈಕ್ ಕಾರ್ಟರ್ ಅದಕ್ಕೆ ಶಿಲೀಂಧ್ರ ಕಾರಣವೆಂದು ತೋರಿಸಿದ. ಮುಳ್ಳು ಚುಚ್ಚಿದ ಗಾಯದಿಂದ ಮಣ್ಣಿನ ಶಿಲೀಂಧ್ರವೋ ಬ್ಯಾಕ್ಟೀರಿಯವೋ ಒಳಹೋಗಿ ವರ್ಷಗಟ್ಟಲೆ ಮೆಲ್ಲಗೆ ಮೂಳೆಯನ್ನೇ ತಿನ್ನುತ್ತದೆ. ಒಣ ಹವೆ, ಮುಳ್ಳುಗಿಡ, ಬರಿಗಾಲಿನ ದುಡಿಮೆ ಮೂರೂ ಕೂಡಿದ ಕಡೆ ಅದರ ಕಾಟ ಹೆಚ್ಚು. ಅಂಥ ಕಡೆ ಎರಡು ಪದರದ ತೊಗಲಿನ ಅಟ್ಟೆ ಔಷಧಕ್ಕಿಂತ ದೊಡ್ಡದು.

1876–78ರ ದೊಡ್ಡ ಬರ ಮೆಟ್ಟಿನ ಕಸುಬನ್ನೂ ಅಲುಗಿಸಿತು. ಬಳ್ಳಾರಿ, ಅನಂತಪುರ ಸೀಮೆಗಳಲ್ಲಿ ಜನದಂತೆ ದನವೂ ಸತ್ತಿತು. ಮದ್ರಾಸ್ ಬಂದರಿನಿಂದ ತೊಗಲಿನ ರಫ್ತು ಏರಿತು. ಊರ ತೊಗಲಿಗೆ ದೂರದ ಗಿರಾಕಿ ಸಿಕ್ಕ ಮೇಲೆ ಅದು ಊರಲ್ಲೇ ಉಳಿದು ಮೆಟ್ಟಾಗಬೇಕೆಂಬ ನಿಯಮ ಸಡಿಲವಾಯಿತು. ಅರ್ಧ ಹದ ಮಾಡಿದ ತೊಗಲು ಹಡಗು ಹತ್ತಿ ಹೋಗಿ ಇಂಗ್ಲೆಂಡಿನ ಬೂಟಾಗತೊಡಗಿತು. ಇಪ್ಪತ್ತನೆಯ ಶತಮಾನದಲ್ಲಿ ಕಲ್ಕತ್ತದ ಬಳಿ ಬಾಟಾನಗರ ಎದ್ದಿತು. ಬಿಳಿ ಕ್ಯಾನ್ವಾಸ್ ಬೂಟು ಶಾಲೆಯ ಡ್ರಿಲ್ಲಿಗೆ, ಪೊಲೀಸ್ ಮೈದಾನಕ್ಕೆ ಬಂತು. ಆಮೇಲೆ ಹವಾಯಿ ಚಪ್ಪಲಿ. ಅಗ್ಗ, ಹಗುರ, ಮಳೆಗೆ ನೆನೆದರೂ ಕೆಡದು. ಎಲ್ಲ ಜಾತಿಯವರ ಕಾಲಿಗೂ ಪಾದರಕ್ಷೆ ತಂದ ಕೀರ್ತಿ ಅದಕ್ಕೇ ಹೆಚ್ಚು ಸಲ್ಲಬೇಕು. ಒಂದೇ ಕೊರತೆ ಎಂದರೆ ಜಾಲಿಮುಳ್ಳಿಗೆ ಅದು ಅಡ್ಡಿಯೇ ಅಲ್ಲ. ಅದಕ್ಕೆ ಹಳ್ಳಿಗಳು ಕಂಡುಕೊಂಡ ಉತ್ತರ ಲಾರಿ ಟೈರು. ಸವೆದ ಟೈರು ಕೊಯ್ದು ಅಟ್ಟೆ ಮಾಡಿ ಮೇಲೆ ಬಾರು ಬಡಿದರೆ ಮುಳ್ಳೂ ಹೊಗದು, ಸುಡುನೆಲವೂ ತಾಗದು, ವರ್ಷಗಟ್ಟಲೆ ಸವೆಯುವುದೂ ಇಲ್ಲ.

ಭೂಗೋಳದ ಆ ಬದಿಗೆ ಇದೇ ಉತ್ತರವನ್ನು ಇನ್ನೊಂದು ಜನ ಕಂಡುಕೊಂಡಿದ್ದರು. ಮೆಕ್ಸಿಕೋದ ಚಿವಾವಾ ಬೆಟ್ಟಸೀಮೆಯ ತಾರಾಹುಮಾರಾ ಬುಡಕಟ್ಟಿನವರು ಟೈರಿನ ಅಟ್ಟೆಗೆ ಚರ್ಮದ ದಾರ ಕಟ್ಟಿದ ಹುವರಾಚೆ ತೊಟ್ಟು ದೂರ ದೂರ ಓಡುವವರು. 1993ರಲ್ಲಿ ಅಮೆರಿಕದ ಲೆಡ್‌ವಿಲ್‌ನಲ್ಲಿ ನಡೆದ ನೂರು ಮೈಲಿಯ ಬೆಟ್ಟದ ಓಟವನ್ನು ಗೆದ್ದ ವಿಕ್ಟೋರಿಯಾನೊ ಚುರ್ರೊಗೆ ಆಗ 55 ವರ್ಷ, ಕಾಲಲ್ಲಿ ಹುವರಾಚೆ. ಹಾರ್ವರ್ಡ್‌ನ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರು ಈ ಜನರ ಪಾದಗಳನ್ನು ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆತ್ತೆ ಬೂಟು ತೊಡುವ ಅಮೆರಿಕದ ನಗರವಾಸಿಗಳಿಗಿಂತ ಅವರ ಪಾದದ ಕಮಾನು ಬಿಗಿ, ಪಾದದೊಳಗಿನ ಕೆಲ ಸ್ನಾಯುಗಳು ದಪ್ಪ ಎಂದು ಕಂಡಿತು. ಟೈರ್ ಮೆಟ್ಟಿನ ಬಯಲುಸೀಮೆಯ ಪಾದಗಳನ್ನೂ ಯಾರಾದರೂ ಹೀಗೆ ಅಳೆಯಬಾರದೇಕೆ ಎಂದು ಕೇಳುವಂತಾಗುತ್ತದೆ.

ಹಾಗೆ ನೋಡಿದರೆ ಪಾದ ಅಳೆಯುವ ಕೆಲಸ ಕರ್ನಾಟಕದಲ್ಲಿ ಅದಕ್ಕೂ ಕಾಲು ಶತಮಾನ ಮೊದಲೇ ಆಗಿತ್ತು. ಕರಾವಳಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆವೈದ್ಯರಾದ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಬ್ರಿಟನ್ನಿನ ಮೂಳೆ ಶಸ್ತ್ರವೈದ್ಯರ ಪ್ರಮುಖ ಪತ್ರಿಕೆಯಲ್ಲಿ ಪ್ರಕಟಿಸಿದರು. ಚಪ್ಪಟೆ ಪಾದ, ಅಂದರೆ ಒಳಬದಿಯ ಕಮಾನು ಏಳದೆ ಅಂಗಾಲೆಲ್ಲ ನೆಲಕ್ಕೆ ತಾಗುವ ಪಾದ, ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇ 8.6, ತೊಡದವರಲ್ಲಿ ಶೇ 2.8. ಪಾದರಕ್ಷೆಗಳಲ್ಲೂ ಭೇದವಿತ್ತು. ಮುಂದೆ ಮುಚ್ಚಿದ ಬೂಟು ತೊಟ್ಟವರಲ್ಲಿ ಚಪ್ಪಟೆ ಪಾದ ಎಲ್ಲರಿಗಿಂತ ಹೆಚ್ಚು, ಸ್ಯಾಂಡಲ್, ಚಪ್ಪಲಿಯವರಲ್ಲಿ ಕಡಿಮೆ, ಬರಿಗಾಲಿನವರಲ್ಲಿ ಅತಿ ಕಡಿಮೆ. ಮೂರು ವರ್ಷದ ಬಳಿಕ ಜೋಸೆಫ್ ಅವರು ಸಚ್ಚಿದಾನಂದಂ ಜೊತೆಗೂಡಿ ಬೆಳವಣಿಗೆ ಮುಗಿದ 1,846 ಜನರನ್ನು ನೋಡಿದರು. ಆರು ವರ್ಷಕ್ಕೆ ಮೊದಲೇ ಬೂಟು ತೊಟ್ಟವರಲ್ಲಿ ಚಪ್ಪಟೆ ಪಾದ ಶೇ 3.24 ಇದ್ದರೆ, ಹದಿನಾರಕ್ಕೆ ತೊಡಲು ಶುರುಮಾಡಿದವರಲ್ಲಿ ಶೇ 1.75.

ಕಮಾನು ಹುಟ್ಟಿನಿಂದ ಬರುವುದಿಲ್ಲ. ಕೂಸಿನ ಪಾದ ಕೊಬ್ಬು ತುಂಬಿ ಚಪ್ಪಟೆಯಾಗಿಯೇ ಇರುತ್ತದೆ. ಮೊದಲ ಆರೇಳು ವರ್ಷ ಮಣ್ಣು, ಕಲ್ಲು, ಇಳಿಜಾರಿನ ಮೇಲೆ ಬೆರಳೂರಿ ಓಡಾಡುವಾಗ ಸ್ನಾಯು ಬಲಿತು, ಅಸ್ಥಿಬಂಧ ಬಿಗಿದು ಕಮಾನು ಎದ್ದುಕೊಳ್ಳುತ್ತದೆ. ಬೆರಳಿಗೆ ಜಾಗವಿಲ್ಲದ ಗಟ್ಟಿ ಬೂಟಿನಲ್ಲಿ ಈ ವ್ಯಾಯಾಮ ಆಗದು. ಕರಾವಳಿಯ ಈ ಎರಡು ಅಧ್ಯಯನಗಳನ್ನು ಜಗತ್ತಿನ ಪಾದತಜ್ಞರು ಇಂದಿಗೂ ಉಲ್ಲೇಖಿಸುತ್ತಾರೆ. ನಮ್ಮ ಶಾಲೆಗಳು ಮಾತ್ರ ಎಲ್‌ಕೆಜಿ ಮಕ್ಕಳಿಗೂ ಕಪ್ಪು ಬೂಟು, ಸಾಕ್ಸು ಕಡ್ಡಾಯ ಮಾಡಿ ಗೇಟಿನಲ್ಲೇ ತಪಾಸಣೆ ನಡೆಸುತ್ತವೆ.

ಓಟದ ಬೂಟು ಹುಟ್ಟಿದ್ದು ಮುಳ್ಳಿನ ನೆಲದಲ್ಲಲ್ಲ, ಡಾಂಬರು ರಸ್ತೆಯ ಮೇಲೆ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬೋವರ್‌ಮನ್ 1962ರಲ್ಲಿ ನ್ಯೂಜಿಲೆಂಡ್‌ಗೆ ಹೋಗಿ ಆರ್ಥರ್ ಲಿಡಿಯಾರ್ಡ್ ಬಳಿ ವಯಸ್ಸಾದವರೂ ನಿಧಾನವಾಗಿ ಓಡುವುದನ್ನು ಕಂಡು ಬಂದ. ಜಾಗಿಂಗ್ ಅಮೆರಿಕದಲ್ಲಿ ಹಬ್ಬಿತು. ಕುರ್ಚಿಯಲ್ಲಿ ಕೂತು ದುಡಿಯುವ, ಮೀನಖಂಡ ಬಿಗಿದುಕೊಂಡ ನಡುವಯಸ್ಸಿನ ಜನ ಹಿಮ್ಮಡಿಯನ್ನು ಮೊದಲು ಊರುತ್ತಾ ಓಡಿದಾಗ ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜು ನೋಯಿತು. ಅದಕ್ಕೆ ಬೋವರ್‌ಮನ್ ಹಿಮ್ಮಡಿಯ ಕೆಳಗೆ ಮೆತ್ತೆ ಏರಿಸಿದ. 1970ರ ದಶಕದ ನಡುವಿನಲ್ಲಿ ಇವಿಎ ಎಂಬ ಗಾಳಿಗುಳ್ಳೆಗಳ ನೊರೆಪ್ಲಾಸ್ಟಿಕ್ಕು ಅಟ್ಟೆಗೆ ಬಂತು. 1970ರ ದಶಕದ ಕೊನೆಗೆ ನೈಕಿ ಗಾಳಿಚೀಲ ಇಟ್ಟಿತು, 1986ರಲ್ಲಿ ಏಸಿಕ್ಸ್ ಜೆಲ್ ತುಂಬಿತು. ಹಿಮ್ಮಡಿ ಬೆರಳಿಗಿಂತ ಹತ್ತು ಹನ್ನೆರಡು ಮಿಲಿಮೀಟರ್ ಎತ್ತರದಲ್ಲಿರುವುದು ವಾಡಿಕೆಯಾಯಿತು.

ಇದರಿಂದ ಪಾದಕ್ಕೆ ಆದದ್ದೇನು? ಹಿಮ್ಮಡಿ ಎತ್ತರವಾದರೆ ಮೀನಖಂಡ ಮತ್ತು ಅಕಿಲಿಸ್ ಮೇಲಿನ ಎಳೆತ ತಗ್ಗುತ್ತದೆ, ಹೊರೆ ಮಂಡಿಯ ಕಡೆಗೆ ಸರಿಯುತ್ತದೆ. ಎತ್ತರ ತೆಗೆದರೆ ಮಂಡಿಗೆ ಬಿಡುವು, ಮೀನಖಂಡಕ್ಕೆ ದುಡಿಮೆ. ಒಟ್ಟು ಹೊರೆ ಮಾಯವಾಗುವುದಿಲ್ಲ. ಲೀಬರ್ಮನ್ 2010ರಲ್ಲಿ ಕೆನ್ಯಾದ ಬರಿಗಾಲಿನ ಓಟಗಾರರನ್ನು ಅಳೆದಾಗ ಅವರಲ್ಲಿ ಹೆಚ್ಚಿನವರು ಪಾದದ ಮುಂಭಾಗವನ್ನು ಮೊದಲು ಊರುತ್ತಿದ್ದರು. ಬೂಟಿನವರು ಹಿಮ್ಮಡಿ ಊರುತ್ತಿದ್ದರು. ಮೆತ್ತೆಯಿಲ್ಲದ ನೆಲಕ್ಕೆ ಹಿಮ್ಮಡಿ ಕುಕ್ಕಿದರೆ ನೋವಾಗುತ್ತದೆ, ಬರಿಗಾಲು ತಾನೇ ಕಲಿತುಕೊಳ್ಳುತ್ತದೆ. ಮೆತ್ತೆ ಆ ಪಾಠವನ್ನು ಮರೆಸುತ್ತದೆ. ಅಂಗಾಲಿನ ಜಡ್ಡು ಇದಕ್ಕೆ ಅಡ್ಡ ಬರುವುದಿಲ್ಲ ಎಂಬುದು 2019ರ ಇನ್ನೊಂದು ಕೆನ್ಯಾ ಅಧ್ಯಯನದ ಸ್ವಾರಸ್ಯ. ದಪ್ಪ ಜಡ್ಡುಗಟ್ಟಿದ ಬರಿಗಾಲು ನೆಲದ ಸ್ಪರ್ಶವನ್ನು ತೆಳು ಅಂಗಾಲಿನಷ್ಟೇ ಚೆನ್ನಾಗಿ ಗ್ರಹಿಸಿತು.

ಎಂಬತ್ತರ ದಶಕದಲ್ಲಿ ಬೂಟು ಕಂಪನಿಗಳು ಪಾದ ಒಳಕ್ಕೆ ವಾಲುವುದನ್ನೇ ರೋಗವೆಂದು ಸಾರಿದವು. ಚಪ್ಪಟೆ ಪಾದದವರಿಗೆ ಒಳಬದಿ ಗಟ್ಟಿಯಾದ ಬೂಟು, ಎತ್ತರದ ಕಮಾನಿನವರಿಗೆ ಮೆತ್ತನೆಯದು. ಒದ್ದೆ ಕಾಲನ್ನು ಕಾಗದದ ಮೇಲಿಟ್ಟು ಗುರುತು ನೋಡಿ ಬೂಟು ಆರಿಸುವ ಪದ್ಧತಿ ಅಂಗಡಿಗಳಿಗೆ ಬಂತು. ಕೇಳಲು ತರ್ಕಬದ್ಧ. ಅಮೆರಿಕದ ಭೂಸೇನೆ, ವಾಯುಸೇನೆ, ಮರೀನ್ ದಳಗಳಲ್ಲಿ ಹೊಸದಾಗಿ ಸೇರಿದವರ ಮೇಲೆ ಜೋಸೆಫ್ ನ್ಯಾಪಿಕ್ ತಂಡ ಇದನ್ನು ಒರೆಗೆ ಹಚ್ಚಿತು. ಪಾದ ನೋಡಿ ಬೂಟು ಕೊಟ್ಟ ಗುಂಪಿಗೂ ಎಲ್ಲರಿಗೂ ಒಂದೇ ಬೂಟು ಕೊಟ್ಟ ಗುಂಪಿಗೂ ಗಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೂ ಆ ಒದ್ದೆ ಕಾಲಿನ ಪರೀಕ್ಷೆ ಬೆಂಗಳೂರಿನ ಮಾಲ್‌ಗಳಲ್ಲಿ ಈಗ ಕಂಪ್ಯೂಟರ್ ಪರದೆಯ ರೂಪದಲ್ಲಿ ಬದುಕಿದೆ. ಮೆತ್ತೆಯನ್ನು ಪೂರ್ತಿ ಅಲ್ಲಗಳೆಯುವುದೂ ಸರಿಯಲ್ಲ. ಲಕ್ಸೆಂಬರ್ಗ್‌ನಲ್ಲಿ 848 ಹವ್ಯಾಸಿ ಓಟಗಾರರ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಟ್ಟಿ ಅಟ್ಟೆಯವರಿಗೇ ಗಾಯ ಹೆಚ್ಚಾಗಿತ್ತು.

ಬೂಟಿನ ಮೂತಿ ಮೇಲಕ್ಕೆ ಬಾಗಿರುವುದನ್ನು ಯಾರೂ ವಿಶೇಷವೆಂದು ನೋಡುವುದಿಲ್ಲ. ಇಂದು ಮಾರಾಟವಾಗುವ ಬಹುತೇಕ ಎಲ್ಲ ಓಟದ ಬೂಟಿಗೂ ಆ ಬಾಗು ಇದೆ. ನೆಲಕ್ಕೆ ಇಟ್ಟರೆ ಬೆರಳುಗಳು ಸದಾ ಎತ್ತಿಕೊಂಡೇ ಇರುತ್ತವೆ. ಹೆಜ್ಜೆ ಕೀಳುವಾಗ ಬೆರಳಿನ ಬುಡದ ಕೀಲನ್ನು ಬಿಗಿ ಹಿಡಿಯಲು ಅಂಗಾಲಿನ ಸ್ನಾಯುಗಳು ಮಾಡಬೇಕಾದ ಕೆಲಸವನ್ನು ಈ ಬಾಗು ಕಡಿಮೆ ಮಾಡುತ್ತದೆ ಎಂದು 2020ರ ಒಂದು ಅಧ್ಯಯನ ತೋರಿಸಿತು. ನಡಿಗೆ ಹಗುರವೆನಿಸುತ್ತದೆ. ಹಗುರವೆನಿಸಿದ್ದಕ್ಕೆ ಸ್ನಾಯು ಸೊರಗಬಹುದು ಎಂಬುದು ಆ ಸಂಶೋಧಕರ ಅನುಮಾನ. ಮೆಟ್ಟಿನ ಉಂಗುಟ ಹೆಬ್ಬೆರಳಿಗೆ ಕೊಡುತ್ತಿದ್ದದ್ದು ಇದರ ನೇರ ತದ್ವಿರುದ್ಧ ಪಾಠ.

ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳ ಕೊಲ್ಹಾಪುರಿ ಚಪ್ಪಲಿಗೂ ಹೆಬ್ಬೆರಳಿನ ಆ ಉಂಗುಟ ಇದೆ. ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಚಪ್ಪಲಿ ಅದು. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನ ವೇದಿಕೆಯಲ್ಲಿ ಅದರಂತೆಯೇ ಕಾಣುವ ಚಪ್ಪಲಿ ತೋರಿಸಿ, ಮೂಲದ ಹೆಸರು ಹೇಳದೆ ಬೈಸಿಕೊಂಡದ್ದು ಸುದ್ದಿಯಾಯಿತು. ಭೈರವಾನಿತಿಪ್ಪದ ಕಡೆಯ ಮೆಟ್ಟಿಗೆ ಮಾನ್ಯತೆಯೂ ಇಲ್ಲ, ಕದಿಯುವವರೂ ಇಲ್ಲ.

ಬೂಟಿನ ವಿರುದ್ಧ ಬಂಡಾಯದ ಹೆಸರುಗಳನ್ನು ಹೇಳುವಾಗ ಎಲ್ಲರೂ ಇಥಿಯೋಪಿಯಾದ ಅಬೆಬೆ ಬಿಕಿಲಾನಿಂದ ಶುರುಮಾಡುತ್ತಾರೆ. ರೋಮ್, 1960. ಕೊಟ್ಟ ಬೂಟು ಕಾಲಿಗೆ ಸರಿಹೋಗದೆ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದ. ನಾಲ್ಕು ವರ್ಷದ ಬಳಿಕ ಟೋಕಿಯೋದಲ್ಲಿ ಬೂಟು ತೊಟ್ಟು ಮೂರು ನಿಮಿಷ ಬೇಗ ಮುಗಿಸಿದ ಎಂಬುದನ್ನು ಹೇಳಲು ಅನೇಕರಿಗೆ ಮರೆವು. ಬಿಕಿಲಾಗಿಂತ ನಲವತ್ತು ವರ್ಷ ಹಿಂದೆ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾ ಮೈದಾನದಲ್ಲಿ ರೈತಾಪಿ ಹುಡುಗರು ಬರಿಗಾಲಲ್ಲಿ ಓಡುವುದನ್ನು ಕಂಡು ಬೆರಗಾದ ದೊರಾಬ್‌ಜಿ ಟಾಟಾ ಮರುವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದ ತಂಡ ಕಳಿಸಲು ಓಡಾಡಿದರು. ಅದರಲ್ಲಿ ಆಯ್ಕೆಯಾದ ಚೌಗುಲೆ ಮ್ಯಾರಥಾನ್‌ನಲ್ಲಿ 19ನೆಯವನಾಗಿ 2 ಗಂಟೆ 50 ನಿಮಿಷದ ಆಸುಪಾಸಿನಲ್ಲಿ ಗುರಿ ಮುಟ್ಟಿದ. ಭಾರತ ತಂಡವಾಗಿ ಒಲಿಂಪಿಕ್ಸ್‌ಗೆ ಹೋದ ಚರಿತ್ರೆ ಹೀಗೆ ಬೂಟು ಕಾಣದ ಕಾಲುಗಳಿಂದ ಆರಂಭವಾಯಿತು.

2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಕೋಣಗಳ ಹಿಂದೆ ಬರಿಗಾಲಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಉಸೇನ್ ಬೋಲ್ಟ್ ಹೆಸರು ಎತ್ತಿತು. ಕ್ರೀಡಾ ಸಚಿವರು ಪರೀಕ್ಷೆಗೆ ಕರೆದರು. ಗೌಡರ ಉತ್ತರದಲ್ಲಿ ಎಲ್ಲರಿಗಿಂತ ಹೆಚ್ಚು ವಿವೇಕವಿತ್ತು. ಕಂಬಳದಲ್ಲಿ ಕೆಲಸ ಹಿಮ್ಮಡಿಯದು, ಟ್ರ್ಯಾಕಿನಲ್ಲಿ ಬೆರಳಿನದು, ಎರಡೂ ಬೇರೆ ಎಂಬ ಅರ್ಥದ ಮಾತಾಡಿದರು. ಕೆಸರು ಗದ್ದೆಯಲ್ಲಿ ಕೋಣ ಎಳೆಯುತ್ತದೆ, ಪಾದ ಜಾರಿಕೆಯನ್ನು ಹಿಡಿಯಬೇಕು. ಟ್ರ್ಯಾಕಿನಲ್ಲಿ ನೆಲ ಹಿಮ್ಮೆಟ್ಟಿಸುತ್ತದೆ, ಮೊಳೆಬೂಟು ಅದನ್ನು ಬಳಸಿಕೊಳ್ಳಬೇಕು. ನೆಲ ಬದಲಾದರೆ ಪಾದದ ಕೆಲಸವೇ ಬದಲಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ನಗರದಲ್ಲಿ ಬರಿಗಾಲಿನ ಹುಚ್ಚು ಹಬ್ಬಿದ್ದು 2009ರಲ್ಲಿ ಕ್ರಿಸ್ಟೋಫರ್ ಮ್ಯಾಕ್‌ಡುಗಲ್ ತಾರಾಹುಮಾರಾ ಓಟಗಾರರ ಬಗ್ಗೆ ಪುಸ್ತಕ ಬರೆದ ಮೇಲೆ. ಬೆರಳುಬೆರಳಿಗೂ ಚೀಲವಿರುವ ವೈಬ್ರಂ ಬೂಟು ಭರದಿಂದ ಮಾರಾಟವಾಯಿತು. ವರ್ಷಗಟ್ಟಲೆ ಮೆತ್ತೆಯಲ್ಲಿದ್ದ ಕಾಲುಗಳು ಹತ್ತು ವಾರದಲ್ಲಿ ಬರಿಗಾಲಾಗಲು ಹೊರಟರೆ ಏನಾಗುತ್ತದೆ? 2013ರ ಒಂದು ಪ್ರಯೋಗದಲ್ಲಿ ಹಾಗೆ ಬದಲಾದ 19 ಜನರಲ್ಲಿ 10 ಮಂದಿಯ ಪಾದದ ಮೂಳೆಮಜ್ಜೆಯಲ್ಲಿ ಬಾವು ಹೆಚ್ಚಿತ್ತು. ಪಾದಕ್ಕೆ ಬಲ ಬರುತ್ತದೆಂಬ ಜಾಹೀರಾತಿಗೆ ಆಧಾರವಿಲ್ಲವೆಂಬ ಮೊಕದ್ದಮೆಯಲ್ಲಿ ಕಂಪನಿ 2014ರಲ್ಲಿ 37.5 ಲಕ್ಷ ಡಾಲರ್ ಕೊಡಲು ಒಪ್ಪಿತು.

ಆಮೇಲೆ ಫ್ಯಾಷನ್ ಇನ್ನೊಂದು ತುದಿಗೆ ಜಿಗಿಯಿತು. ನೈಕಿಯ ವೇಪರ್‌ಫ್ಲೈ 2017ರಲ್ಲಿ ಬಂತು. ದಪ್ಪ, ಪುಟಿಯುವ ನೊರೆಯೊಳಗೆ ಬಾಗಿದ ಇಂಗಾಲದ ನಾರಿನ ಹಲಗೆ. ಕೊಲರಾಡೊ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಓಟದ ಶಕ್ತಿವ್ಯಯ ಸರಾಸರಿ ಶೇ 4 ಕಡಿಮೆಯಾಯಿತು. ಹಲಗೆ ಬೆರಳಿನ ಬುಡದ ಕೀಲನ್ನು ಬಾಗಲು ಬಿಡುವುದಿಲ್ಲ, ಹೀಗಾಗಿ ಅಲ್ಲಿ ಪೋಲಾಗುವ ಶಕ್ತಿ ಉಳಿಯುತ್ತದೆ. ಇಂಥ ಬೂಟು ಬಳಸಿದ ಐವರು ಓಟಗಾರರಲ್ಲಿ ಪಾದದ ನಡುವಿನ ನಾವಿಕ್ಯುಲರ್ ಮೂಳೆಗೆ ಒತ್ತಡದ ಗಾಯವಾದದ್ದನ್ನು ವೈದ್ಯರು 2023ರಲ್ಲಿ ವರದಿ ಮಾಡಿದರು. ಐದು ಪ್ರಕರಣದಿಂದ ತೀರ್ಪು ಕೊಡಲಾಗದು. ಬೆರಳಿನ ಕೀಲಿಗೆ ಸಿಕ್ಕ ಬಿಡುವಿನ ಬಾಡಿಗೆಯನ್ನು ಇನ್ನಾವುದೋ ಮೂಳೆ ಕಟ್ಟುತ್ತಿರಬಹುದೆಂಬ ಶಂಕೆಗೆ ಮಾತ್ರ ಅಷ್ಟು ಸಾಕು.

ಈ ಎಲ್ಲ ಬೂಟುಗಳೂ ಯಾರ ಪಾದದ ಅಚ್ಚಿನ ಮೇಲೆ ಆಗುತ್ತಿವೆ? ಭಾರತದಲ್ಲಿ ಬ್ರಿಟಿಷ್ ಅಳತೆ, ಆಮೇಲೆ ಯುರೋಪಿನದು, ಅಮೆರಿಕದ್ದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ 1,01,880 ಜನರ ಪಾದವನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿತು. ಭಾರತೀಯರ ಪಾದ ಯುರೋಪಿನವರದಕ್ಕಿಂತ, ಅಮೆರಿಕನರದಕ್ಕಿಂತ ಅಗಲ. ಅಗಲ ಸಿಗಲೆಂದು ಜನ ಒಂದು ನಂಬರ್ ಉದ್ದದ ಬೂಟು ಕೊಳ್ಳುತ್ತಾರೆ, ಸಡಿಲಾದುದನ್ನು ಲೇಸಿನಿಂದ ಬಿಗಿಯುತ್ತಾರೆ, ಗುಳ್ಳೆ, ಉಗುರು ನೋವು, ಆಣಿ ಅನುಭವಿಸುತ್ತಾರೆ. ಸಂಸ್ಥೆ ‘ಭಾ’ ಎಂಬ ಹೆಸರಿನಲ್ಲಿ ಕೂಸಿನಿಂದ ದೊಡ್ಡವರವರೆಗೆ ಎಂಟು ಗುಂಪಿನ ಅಳತೆಯನ್ನು ಸೂಚಿಸಿತು. ಲೇಪಾಕ್ಷಿಯ ಬಂಡೆಯ ಪಾದ ಅಗಲವಾಗಿರುವುದರಲ್ಲಿ ಶಿಲ್ಪಿಯ ಉತ್ಪ್ರೇಕ್ಷೆ ಏನೂ ಇಲ್ಲ ಎನ್ನಬಹುದು.

ಇಂದು ಗಡಿಯ ಹಳ್ಳಿಗಳಲ್ಲಿ ಓಟದ ಬೂಟು ಕೊಳ್ಳುವವರು ಜಾಗಿಂಗ್ ಮಾಡುವ ನಡುವಯಸ್ಸಿನವರಲ್ಲ, ಪೊಲೀಸ್ ಮತ್ತು ಸೇನಾ ಭರ್ತಿಗೆ ತಯಾರಾಗುವ ಹುಡುಗರು, ಹುಡುಗಿಯರು. ಆಂಧ್ರದಲ್ಲಾಗಲಿ ಕರ್ನಾಟಕದಲ್ಲಾಗಲಿ ಕಾನ್‌ಸ್ಟೇಬಲ್ ಆಗಬಯಸುವ ಯುವಕ 1,600 ಮೀಟರ್ ಓಟ ದಾಟಲೇಬೇಕು. ಬೆಳಗಿನ ಜಾವ ಶಾಲೆಯ ಮೈದಾನವೋ ಡಾಂಬರು ರಸ್ತೆಯೋ ಅವರ ಅಂಗಳ. ಬೆಂಗಳೂರಿನಲ್ಲಿ ಭಾರತದ ಕಚೇರಿ ಇಟ್ಟುಕೊಂಡ ಪೂಮಾದ ಬೂಟು, ಇದೇ ಆಂಧ್ರದ ತಡಾ ಬಳಿ ಹೊಲಿದು ಹೊರಬೀಳುವ ಅಡಿಡಾಸ್ ಬೂಟು ಅವರಿಗೆ ದುಬಾರಿ. ಅದೇ ಮಾಟದ, ಹೆಸರಿನ ಒಂದಕ್ಷರ ಬದಲಾದ ಅಗ್ಗದ ಬೂಟು ಸಂತೆಯಲ್ಲಿ ಸಿಗುತ್ತದೆ. ಮೂತಿ ಬಾಗಿದೆ, ಹಿಮ್ಮಡಿ ಎತ್ತರವಿದೆ, ನೊರೆ ಮಾತ್ರ ಕೆಲವೇ ತಿಂಗಳಲ್ಲಿ ಕುಗ್ಗಿ ಒಂದು ಬದಿಗೆ ವಾಲುತ್ತದೆ. ವಾಲಿದ ಅಟ್ಟೆಯ ಮೇಲೆ ಓಡುವುದಕ್ಕಿಂತ ಚಪ್ಪಟೆಯ ಕ್ಯಾನ್ವಾಸ್ ಬೂಟೇ ವಾಸಿ. ಹೊಲದ ದಾರಿಗೆ ಇಳಿದರಂತೂ ಆ ನೊರೆಗೆ ಬಳ್ಳಾರಿ ಜಾಲಿ ಲೀಲಾಜಾಲವಾಗಿ ಹೊಗುತ್ತದೆ. ಹಾಗಾಗಿ ಅದೇ ಹುಡುಗ ಓಟ ಮುಗಿಸಿ ಬಂದು ಬೂಟು ಬಿಚ್ಚಿಟ್ಟು ಟೈರ್ ಚಪ್ಪಲಿ ಮೆಟ್ಟಿ ಹೊಲಕ್ಕೆ ಹೋಗುತ್ತಾನೆ.

ದಪ್ಪ ಅಟ್ಟೆಯ ಬೂಟುಗಳಿಂದ ದಾಖಲೆಗಳು ಉರುಳತೊಡಗಿದಾಗ ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ಕಟ್ಟುಪಾಡು ತಂದಿತು. ರಸ್ತೆ ಓಟದ ಬೂಟಿನ ಅಟ್ಟೆ 40 ಮಿಲಿಮೀಟರ್ ಮೀರಬಾರದು, ಒಳಗೆ ಒಂದಕ್ಕಿಂತ ಹೆಚ್ಚು ಹಲಗೆ ಇರಬಾರದು. ಟೈರ್ ಮೆಟ್ಟು ಈ ಎರಡು ಷರತ್ತನ್ನೂ ಸುಲಭವಾಗಿ ದಾಟುತ್ತದೆ. ಬರಿಗಾಲಲ್ಲಿ ಓಡಲೂ ನಿಯಮದಲ್ಲಿ ಅಡ್ಡಿಯಿಲ್ಲ, ಒಂದೇ ಕಾಲಿಗೆ ಬೂಟು ಹಾಕಿ ಓಡಿದರೂ ಸರಿ. ಒಬ್ಬನ ಪಾದಕ್ಕೆಂದೇ ಅಳತೆ ತೆಗೆದು ಒಂದೇ ಒಂದು ಜೊತೆಯಾಗಿ ಮಾಡಿಸಿದ ಪಾದರಕ್ಷೆಗೆ ಮಾತ್ರ ಸ್ಪರ್ಧೆಯಲ್ಲಿ ಅವಕಾಶವಿಲ್ಲ.